ಉಂಡದ್ದು ಮೈಗೆ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನನಗೆ 23 ವರ್ಷ. ಊರು ಅಂಕೋಲಾ ಹತ್ತಿರ, ಕಾರವಾರದ ಒಂದು ಅಂಗಡಿಯಲ್ಲಿ ಕೆಲಸ. ಎತ್ತರ 172 ಸೆಂ.ಮೀ., ತೂಕ 55 ಕೆಜಿ. ಎಂಟು ತಿಂಗಳಿಂದ ವಾರಕ್ಕೆ ನಾಲ್ಕು ಸಂಜೆ ಜಿಮ್‌ಗೆ ಹೋಗುತ್ತಿದ್ದೇನೆ, ಮೂರು ದಿನ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ನಾಲ್ಕು ಕಿಲೋಮೀಟರ್ ಓಡುತ್ತೇನೆ. ತೂಕ ಮಾತ್ರ ಅಲ್ಲೇ ನಿಂತಿದೆ. ಬೆಳಿಗ್ಗೆ ಗಂಜಿ ಇಲ್ಲವೇ ದೋಸೆ, ಮಧ್ಯಾಹ್ನ ಬುತ್ತಿಯಲ್ಲಿ ಕುಚ್ಚಲಕ್ಕಿ ಅನ್ನ, ಒಂದು ಬಂಗಡೆ ಹಾಕಿದ ಸಾರು, ಸಂಜೆ ಚಾ ಜೊತೆ ಒಂದು ಬನ್ಸ್, ರಾತ್ರಿ ಮತ್ತೆ ಅನ್ನ ಸಾರು. ಹೊಟ್ಟೆ ತುಂಬಾ ಉಣ್ಣುತ್ತೇನೆ. ಆಯಿ "ಇವನಿಗೆ ಉಂಡದ್ದು ಮೈಗೆ ಹತ್ತೂದಿಲ್ಲ" ಅಂತಾಳೆ, ಜಿಮ್‌ನಲ್ಲಿ ಮಾಸ್ ಗೇನರ್ (ತೂಕ ಏರಿಸುವ ಪುಡಿ) ತಗೋ ಅಂತಾರೆ. ಮಳೆಗಾಲ ಬಂದರೆ ಮೀನೂ ಸಿಗುವುದಿಲ್ಲ. ಜೊತೆಗೆ ಬರುವ ಶಿರಸಿಯ ಗೆಳೆಯ ಸಸ್ಯಾಹಾರಿ, ಅವನದ್ದೂ ಇದೇ ಕಥೆ. ನಾವು ಏನು ತಿನ್ನಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಉಪಯೋಗದ ಮಾಹಿತಿ ಎಂದರೆ ಎಂಟು ತಿಂಗಳು ತೂಕ ಅಲ್ಲಾಡಿಲ್ಲ ಎಂಬುದು. ಅಂದರೆ ಉಂಡದ್ದೆಲ್ಲ ಮೈಗೆ ಹತ್ತುತ್ತಲೇ ಇದೆ, ಹತ್ತಿದಷ್ಟೂ ಅವತ್ತೇ ಖರ್ಚಾಗುತ್ತಿದೆ. ಹತ್ತದೇ ಇದ್ದಿದ್ದರೆ ತೂಕ ಇಳಿಯುತ್ತಿತ್ತು. ಕೊರತೆ ಇರುವುದು ಉಳಿಕೆಯಲ್ಲಿ. ಸ್ನಾಯು ಕಟ್ಟಲು ದೇಹಕ್ಕೆ ಪ್ರೋಟೀನ್ ಬೇಕು ನಿಜ. ಆದರೆ ಆ ಕಟ್ಟುವ ಕೆಲಸಕ್ಕೇ ಪ್ರತ್ಯೇಕ ಶಕ್ತಿ ಬೇಕು, ದಿನದ ಖರ್ಚು ಕಳೆದು ಅದು ಉಳಿದಿರಬೇಕು. ಶಕ್ತಿ ಸಾಲದಿದ್ದರೆ ತಿಂದ ಪ್ರೋಟೀನಿನ ಒಂದು ಪಾಲೂ ಉರುವಲಾಗಿ ಹೋಗುತ್ತದೆ. ತೆಳ್ಳಗಿನ ಹುಡುಗರು ಪ್ರೋಟೀನ್ ಡಬ್ಬಿ ಖಾಲಿ ಮಾಡಿಯೂ ತೂಕ ಏರದೆ ಕೂರುವುದು ಇದೇ ಕಾರಣಕ್ಕೆ.

ಮೊದಲು ನಿಮ್ಮ ಖರ್ಚು ಎಷ್ಟು ನೋಡೋಣ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಿ, ಅದರಿಂದ ವಯಸ್ಸಿನ ಐದು ಪಟ್ಟು ಕಳೆದು, ಗಂಡಸರಾದರೆ 5 ಸೇರಿಸಬೇಕು, ಹೆಂಗಸರಾದರೆ 161 ಕಳೆಯಬೇಕು. ನಿಮಗೆ ಇದು 550 + 1075 − 115 + 5, ಅಂದರೆ 1515 ಕ್ಯಾಲರಿ. ಇದು ಏನೂ ಮಾಡದೆ ಮಲಗಿದ್ದರೂ ದೇಹ ಸುಡುವ ಪ್ರಮಾಣ. ಅಂಗಡಿಯಲ್ಲಿ ನಿಂತು ಕೆಲಸ, ನಾಲ್ಕು ದಿನ ಜಿಮ್, ಮೂರು ದಿನ ಓಟ ಎಲ್ಲ ಸೇರಿಸಿ 1.5ರಿಂದ ಗುಣಿಸಿದರೆ ದಿನಕ್ಕೆ ಸುಮಾರು 2270.

ಇನ್ನು ತಟ್ಟೆಗೆ ಬರೋಣ. ಬೆಳಗಿನ ಗಂಜಿಗೆ 80 ಗ್ರಾಂ ಅಕ್ಕಿ ಹಿಡಿದರೆ ಚಟ್ನಿ ಸೇರಿ 360 ಕ್ಯಾಲರಿ, 7 ಗ್ರಾಂ ಪ್ರೋಟೀನ್. ಮಧ್ಯಾಹ್ನಕ್ಕೆ 180 ಗ್ರಾಂ ಅಕ್ಕಿಯ ಅನ್ನ, ಒಂದು ಬಂಗಡೆ, ಕಾಯಿ ಅರೆದ ಸಾರು ಸೇರಿ 860 ಕ್ಯಾಲರಿ, 28 ಗ್ರಾಂ. ಬನ್ಸ್ 180 ಕ್ಯಾಲರಿ, 3 ಗ್ರಾಂ. ದಿನಕ್ಕೆ ಮೂರು ಚಾ ಎಂದಿಟ್ಟುಕೊಂಡರೆ ಅವುಗಳಿಂದ 180 ಕ್ಯಾಲರಿ, 4 ಗ್ರಾಂ. ರಾತ್ರಿ 150 ಗ್ರಾಂ ಅಕ್ಕಿಯ ಅನ್ನ ಮತ್ತು ಬರೀ ಸಾರು 655 ಕ್ಯಾಲರಿ, 13 ಗ್ರಾಂ. ಒಟ್ಟು 2235 ಕ್ಯಾಲರಿ, 55 ಗ್ರಾಂ ಪ್ರೋಟೀನ್. ಖರ್ಚು 2270, ಜಮಾ 2235. ತೂಕ ಏರದಿರುವುದರಲ್ಲಿ ಆಶ್ಚರ್ಯವೇ ಇಲ್ಲ. ಈ ಅಕ್ಕಿಯ ಅಳತೆ ನನ್ನ ಅಂದಾಜು, ನಿಮ್ಮ ಮನೆಯದ್ದು ಬೇರೆ ಇದ್ದೀತು. ಮನೆಯಲ್ಲಿ ಅಕ್ಕಿ ಅಳೆಯುವ ಲೋಟ ಅಥವಾ ಸಿದ್ದೆಯಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಮ್ಮೆ ತೂಗಿ ನೋಡಿ. ಬೇಯಿಸುವ ಮುಂಚಿನ ತೂಕವೇ ಲೆಕ್ಕಕ್ಕೆ. ಅನ್ನದ ತೂಕ ಹಿಡಿದರೆ ನೀರಿನ ತೂಕವೂ ಸೇರಿ ಲೆಕ್ಕ ಕೆಡುತ್ತದೆ, ಏಕೆಂದರೆ 100 ಗ್ರಾಂ ಅಕ್ಕಿ ಬೆಂದ ಮೇಲೆ ಎರಡೂವರೆ ಮೂರು ಪಟ್ಟು ತೂಗುತ್ತದೆ.

ಹೊಟ್ಟೆ ತುಂಬಾ ಉಣ್ಣುತ್ತೇನೆ ಎಂದಿದ್ದೀರಿ. ಅದೂ ಸುಳ್ಳಲ್ಲ. ನಮ್ಮ ಕರಾವಳಿಯ ಊಟದ ಗುಣವೇ ಅದು, ಗಾತ್ರ ದೊಡ್ಡದು, ನೀರು ಹೆಚ್ಚು. ಗಂಜಿಯ ದೊಡ್ಡ ಬಟ್ಟಲು ಖಾಲಿ ಮಾಡಿದಾಗ ಹೊಟ್ಟೆ ಬಿಗಿಯುತ್ತದೆ, ಆದರೆ ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಹೊಟ್ಟೆ ಅಳೆಯುವುದು ಹಿಗ್ಗಿದ್ದನ್ನು, ಕ್ಯಾಲರಿಯನ್ನಲ್ಲ. ಹಾಗಂತ ಗಂಜಿ ಬಿಡಬೇಡಿ. ಬೆವರು ಸುರಿಯುವ ನಮ್ಮ ಹವೆಗೆ ಉಪ್ಪು ಹಾಕಿದ ಗಂಜಿ ಒಳ್ಳೆಯದೇ, ಓಡಿ ಬಂದ ಬೆಳಿಗ್ಗೆಯಂತೂ ಹೌದು. ಅದನ್ನು ಸ್ವಲ್ಪ ಗಟ್ಟಿಯಾಗಿ ಬಡಿಸಿಕೊಳ್ಳಿ, ಪಕ್ಕದಲ್ಲಿ ಬೇರೆ ಏನಾದರೂ ಇರಲಿ. ಉಪ್ಪಿನಕಾಯಿ ಒಂದೇ ಸಾಲದು.

ಪ್ರೋಟೀನಿನ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ವಯಸ್ಕರಿಗೆ ಕೆಜಿ ತೂಕಕ್ಕೆ 0.83 ಗ್ರಾಂ ಎಂದಿದೆ, ನಿಮ್ಮ ತೂಕಕ್ಕೆ ಅದು 46 ಗ್ರಾಂ. ಭಾರ ಎತ್ತದ ಮನುಷ್ಯನಿಗೆ ಅಷ್ಟು ಸಾಕು, ನೀವು ಈಗಲೇ ಅದನ್ನು ದಾಟಿದ್ದೀರಿ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಬೇಕಾದದ್ದು ಕೆಜಿಗೆ 1.6 ಗ್ರಾಂ ಸುಮಾರಿಗೆ, ಅಂದರೆ ನಿಮಗೆ 88. 2.2ಕ್ಕಿಂತ ಮೇಲೆ ತಿಂದರೆ ಹೆಚ್ಚಿನ ಲಾಭವಿಲ್ಲ. ಹಂಚಿಕೆಯೂ ಮುಖ್ಯ. ನಿಮ್ಮ 55 ಗ್ರಾಂನಲ್ಲಿ ಅರ್ಧ ಮಧ್ಯಾಹ್ನದ ಒಂದೇ ಊಟದಲ್ಲಿದೆ, ಬೆಳಿಗ್ಗೆಯ ಏಳು ಗ್ರಾಂ ಏನೇನೂ ಅಲ್ಲ. ಒಂದು ಹೊತ್ತಿಗೆ ಕೆಜಿಗೆ 0.3ರಿಂದ 0.4 ಗ್ರಾಂ, ನಿಮಗೆ 17ರಿಂದ 22 ಗ್ರಾಂ, ಹೀಗೆ ದಿನಕ್ಕೆ ನಾಲ್ಕು ಸಲ ಬಿದ್ದರೆ ಸ್ನಾಯು ಕಟ್ಟುವ ಕೆಲಸ ದಿನವಿಡೀ ನಡೆಯುತ್ತದೆ.

ಹಾಗಾದರೆ ಬದಲಾವಣೆ ಇಷ್ಟು. ಬೆಳಿಗ್ಗೆ ಗಂಜಿ ಅಥವಾ ದೋಸೆಯ ಜೊತೆ ಎರಡು ಮೊಟ್ಟೆ, 140 ಕ್ಯಾಲರಿ, 12 ಗ್ರಾಂ. ಸಂಜೆಯ ಬನ್ಸ್ ಜಾಗದಲ್ಲಿ ಒಂದು ಮುಷ್ಟಿ, ಅಂದರೆ 30 ಗ್ರಾಂ ಹುರಿದ ಶೇಂಗಾ, 170 ಕ್ಯಾಲರಿ, 7 ಗ್ರಾಂ. ರಾತ್ರಿ ಊಟಕ್ಕೆ ಬರೀ ಸಾರಿನ ಬದಲು ಇನ್ನೊಂದು ಬಂಗಡೆ, 100 ಕ್ಯಾಲರಿ, 14 ಗ್ರಾಂ. ಮಲಗುವ ಮುಂಚೆ ದೊಡ್ಡ ಲೋಟದಲ್ಲಿ 300 ಮಿಲಿ ಹಾಲು, 180 ಕ್ಯಾಲರಿ, 10 ಗ್ರಾಂ. ಅನ್ನ ಒಂದು ತುತ್ತೂ ಕಡಿಮೆಯಾಗಬಾರದು. ಬನ್ಸ್ ಕಳೆದು ಇವನ್ನು ಕೂಡಿಸಿದರೆ ದಿನಕ್ಕೆ ಸುಮಾರು 2650 ಕ್ಯಾಲರಿ, 95 ಗ್ರಾಂ ಪ್ರೋಟೀನ್. ಖರ್ಚಿನ ಮೇಲೆ 350–400 ಉಳಿಕೆ. ಇದಕ್ಕಿಂತ ಹೆಚ್ಚು, ಸಾವಿರದಷ್ಟು ಉಳಿಸಿದರೆ ಸ್ನಾಯು ಬೇಗ ಬೆಳೆಯುವುದಿಲ್ಲ, ಸೊಂಟ ಬೆಳೆಯುತ್ತದೆ.

ಮೀನಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಿಮ್ಮ ಊರಲ್ಲಿ ಸ್ನಾಯು ಬೆಳೆಸುವ ಆಹಾರ ಡಬ್ಬಿಯಲ್ಲಿಲ್ಲ, ಮೀನುಪೇಟೆಯ ಬುಟ್ಟಿಯಲ್ಲಿದೆ. ಕೆಜಿಗೆ ಎಂಟು ಬರುವ ಬಂಗಡೆಯಲ್ಲಿ ಒಂದೊಂದು 125 ಗ್ರಾಂ ತೂಗುತ್ತದೆ. ತಲೆ, ಕರುಳು, ಮುಳ್ಳು ಹೋಗಿ ತಿನ್ನಲು ಸಿಗುವುದು 70 ಗ್ರಾಂ, ಅದರಲ್ಲಿ 14 ಗ್ರಾಂ ಪ್ರೋಟೀನ್. ಎರಡು ಮೀನು ತಿಂದರೆ ಒಂದು ಹೊತ್ತಿನ ಪ್ರೋಟೀನ್ ಬರೀ ಮೀನಿನಿಂದಲೇ ಆಯಿತು. ತಾರ್ಲೆ (ಭೂತಾಯಿ) ಸಣ್ಣದು, ನಾಲ್ಕೈದು ತಾರ್ಲೆ ತಿಂದರೆ ಅಷ್ಟೇ ಬೀಳುತ್ತದೆ, ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಮುಳ್ಳಿನ ಸಮೇತ ತಿಂದರೆ ಸುಣ್ಣದಂಶವೂ ಸಿಗುತ್ತದೆ. ಇಸ್ವಾಣ (ಅಂಜಲ್), ಪಾಂಪ್ಲೆಟ್ ದುಬಾರಿ ಎಂಬ ಮಾತ್ರಕ್ಕೆ ಅವುಗಳ ಪ್ರೋಟೀನ್ ಮೇಲ್ದರ್ಜೆಯದಲ್ಲ. ಬಂಗಡೆ, ತಾರ್ಲೆಗಳಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬೂ ಧಾರಾಳ. ಸಾರಿಗೆ ಹಾಕಿದರೂ ಸರಿ, ಕಾವಲಿ ಮೇಲೆ ಹುರಿದರೂ ಸರಿ. ತೆಳ್ಳಗಿನವರಿಗೆ ಹುರಿದ ಮೀನಿನ ಎಣ್ಣೆ ಅನುಕೂಲವೇ, ಒಂದು ಚಿಕ್ಕ ಚಮಚ ತೆಂಗಿನೆಣ್ಣೆಗೆ 45 ಕ್ಯಾಲರಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಬಂಗಡೆ, ತಾರ್ಲೆಗಳನ್ನು ಮಂಜುಗಡ್ಡೆ ಇಲ್ಲದೆ ಸೆಕೆಯಲ್ಲಿ ಇಟ್ಟರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಬೇಯಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ತಿಂದ ಒಂದೆರಡು ತಾಸಿನೊಳಗೆ ಮುಖ ಕೆಂಪಗಾಗಿ ಉರಿ, ತುರಿಕೆ, ತಲೆನೋವು, ಎದೆಬಡಿತ ಶುರುವಾಗುತ್ತದೆ. ಜನ ಅದನ್ನು ಮೀನಿನ ಅಲರ್ಜಿ ಎಂದು ತಿಳಿದು ಮೀನನ್ನೇ ಬಿಡುತ್ತಾರೆ. ಬೆಳಿಗ್ಗೆ ಕೊಂಡ ಮೀನನ್ನು ರಾತ್ರಿಗೂ ಬೇಕೆಂದರೆ ತಂದ ಕೂಡಲೇ ಸ್ವಚ್ಛ ಮಾಡಿ ಫ್ರಿಜ್‌ಗೆ ಹಾಕಿ, ಅಡುಗೆಮನೆಯ ಕಟ್ಟೆ ಮೇಲೆ ಮುಚ್ಚಿಟ್ಟರೆ ಸಾಲದು.

ಮೊಟ್ಟೆಯನ್ನು ಹಸಿಯಾಗಿ ಕುಡಿಯುವ ಪದ್ಧತಿ ಜಿಮ್‌ಗಳಲ್ಲಿ ಇನ್ನೂ ಇದೆ. ಬೇಡ. ಬೆಂದ ಮೊಟ್ಟೆಯ ಪ್ರೋಟೀನ್ ಹತ್ತರಲ್ಲಿ ಒಂಬತ್ತು ಪಾಲು ದಕ್ಕಿದರೆ ಹಸಿಯದ್ದು ಅರ್ಧ ದಕ್ಕುತ್ತದೆ, ಮೇಲಿಂದ ಸಾಲ್ಮೊನೆಲ್ಲಾ ಸೋಂಕಿನ ಭಯ. ಹಳದಿಯನ್ನು ಎಸೆಯಲೂ ಬೇಡಿ, ಮೊಟ್ಟೆಯ ಪ್ರೋಟೀನಿನಲ್ಲಿ ನಲವತ್ತು ಪ್ರತಿಶತದಷ್ಟು ಅದರಲ್ಲೇ ಇದೆ, ಜೀವಸತ್ವಗಳೂ ಅದರಲ್ಲೇ ಇವೆ.

ಶೇಂಗಾ ಕೊಳ್ಳುವಾಗ ನಮ್ಮ ಹವೆಯನ್ನು ನೆನಪಿಟ್ಟುಕೊಳ್ಳಬೇಕು. ಮಳೆಗಾಲದ ತೇವಕ್ಕೆ ಶೇಂಗಾ, ಒಣಕೊಬ್ಬರಿ ಬೇಗ ಬೂಸಲು ಹಿಡಿಯುತ್ತವೆ. ಆ ಬೂಸಲಿನಿಂದ ಬರುವ ಅಫ್ಲಾಟಾಕ್ಸಿನ್ ಲಿವರ್‌ಗೆ ವಿಷ, ಹುರಿದರೂ ಪೂರ್ತಿ ಹೋಗುವುದಿಲ್ಲ. ಹಸಿರು ಕಪ್ಪು ಕಲೆ, ಮುಗ್ಗಲು ವಾಸನೆ, ಬಾಯಿಗೆ ಹಾಕಿದರೆ ಕಹಿ, ಇವುಗಳಲ್ಲಿ ಒಂದು ಕಂಡರೂ ಎಸೆಯಿರಿ. ಐದು ಕೆಜಿ ಒಟ್ಟಿಗೆ ತರದೆ ಅರ್ಧರ್ಧ ಕೆಜಿ ತಂದು, ಹುರಿದು, ಆರಿಸಿ, ಗಾಳಿ ಆಡದ ಡಬ್ಬಿಯಲ್ಲಿಡಿ.

ಇದಿಷ್ಟನ್ನೂ ಒಂದೇ ದಿನ ಶುರು ಮಾಡಬೇಡಿ. ಮೊದಲ ವಾರ ಮೊಟ್ಟೆ ಮತ್ತು ರಾತ್ರಿಯ ಮೀನು, ಎರಡನೇ ವಾರ ಶೇಂಗಾ, ಮೂರನೇ ವಾರ ಹಾಲು. ಒಮ್ಮೆಲೇ ಏರಿಸಿದರೆ ಹೊಟ್ಟೆಯುಬ್ಬರ, ಹುಳಿತೇಗು ಬಂದು ನಾಲ್ಕೇ ದಿನಕ್ಕೆ ಎಲ್ಲ ಬಿಟ್ಟುಬಿಡುತ್ತೀರಿ. ಹಾಲು ಕುಡಿದರೆ ಹೊಟ್ಟೆ ಗುಳುಗುಳು ಎಂದು ಭೇದಿಯಾಗುವವರು ಅಷ್ಟೇ ಪ್ರಮಾಣದ ಮೊಸರು ತಿನ್ನಲಿ. ಏಪ್ರಿಲ್, ಮೇ ಸೆಕೆಗೆ ಊಟ ಸೇರದೇ ಹೋದರೆ ಜಗಿಯುವ ಕ್ಯಾಲರಿ ಬಿಟ್ಟು ಕುಡಿಯುವ ಕ್ಯಾಲರಿ ಹಿಡಿಯಿರಿ. 300 ಮಿಲಿ ಹಾಲು, ಒಂದು ಬಾಳೆಹಣ್ಣು, 25 ಗ್ರಾಂ ಹುರಿದ ಶೇಂಗಾ, ಒಂದು ಸಣ್ಣ ತುಂಡು ಬೆಲ್ಲ ಮಿಕ್ಸಿಯಲ್ಲಿ ತಿರುಗಿಸಿದರೆ ಐದು ನಿಮಿಷದ ಕೆಲಸ, 470–480 ಕ್ಯಾಲರಿ, 17 ಗ್ರಾಂ ಪ್ರೋಟೀನ್. ಚಾ ಮಾತ್ರ ಊಟಕ್ಕೆ ಅರ್ಧ ತಾಸು ಮುಂಚೆ ಕುಡಿದು ಹಸಿವು ಕೊಲ್ಲಬೇಡಿ. ಊಟದ ಜೊತೆಗೋ ಬೆನ್ನಲ್ಲೋ ಕುಡಿದರೆ ಕಾಳು, ಸೊಪ್ಪಿನ ಕಬ್ಬಿಣದಂಶ ದಕ್ಕುವುದೂ ಕಡಿಮೆಯಾಗುತ್ತದೆ.

ಈಗ ಓಟ. ಓಡುವವರಿಗೆ ಕೆಜಿ ತೂಕಕ್ಕೆ, ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲರಿ ಖರ್ಚು. ನಿಮ್ಮ ನಾಲ್ಕು ಕಿಲೋಮೀಟರಿಗೆ 220. ಅದು ಗಟ್ಟಿ ನೆಲದ ಲೆಕ್ಕ. ಅಲೆ ಬಡಿದು ಗಟ್ಟಿಯಾದ ಒದ್ದೆ ಮರಳ ಅಂಚಿನಲ್ಲಿ ಹೆಚ್ಚು ವ್ಯತ್ಯಾಸವಾಗದು, ಆದರೆ ಮೇಲಿನ ಸಡಿಲ ಒಣಮರಳಿನಲ್ಲಿ ಅದೇ ದೂರಕ್ಕೆ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು, 330 ಆಯಿತು. ಅಂದರೆ ನೀವು ಕಷ್ಟಪಟ್ಟು ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಓಟ ಬಿಡಬೇಕಿಲ್ಲ, ಹೃದಯಕ್ಕೂ ಹಸಿವೆಗೂ ಅದು ಒಳ್ಳೆಯದು. ಸೈನ್ಯ, ಪೊಲೀಸ್ ಭರ್ತಿಯ ಕನಸಿದ್ದರಂತೂ ಬಿಡುವ ಮಾತೇ ಇಲ್ಲ. ಓಡಿದ ದಿನ ಎರಡು ಬಾಳೆಹಣ್ಣು, ಒಂದು ದೋಸೆ ಹೆಚ್ಚಿಗೆ ತಿನ್ನಿ. ತೂಕ ಏರಿಸಬೇಕೆನ್ನುವ ಮೂರು ನಾಲ್ಕು ತಿಂಗಳು ಒಣಮರಳಿಗೆ ಹೋಗದೆ ಒದ್ದೆ ಅಂಚಿನಲ್ಲೇ ಓಡಿ.

ಜಿಮ್‌ನಲ್ಲಿ ನೀವು ಏನು ಮಾಡುತ್ತೀರಿ ಎಂದು ಬರೆದಿಲ್ಲ. ಆದರೆ ಉಂಡದ್ದು ಸ್ನಾಯುವಾಗಬೇಕೋ ಕೊಬ್ಬಾಗಬೇಕೋ ಎಂದು ತೀರ್ಮಾನವಾಗುವುದು ಅಲ್ಲಿಯೇ. ದಿನಾ ತೋಳು, ಎದೆ ಎಂದು ಕನ್ನಡಿ ಎದುರು ನಿಂತು ಎಂಟು ತಿಂಗಳೂ ಅದೇ ಡಂಬೆಲ್ ಎತ್ತಿದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇಲ್ಲ. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋಯಿಂಗ್, ತಲೆಯ ಮೇಲೆ ಎತ್ತುವ ಪ್ರೆಸ್, ಪುಲ್‌ಅಪ್, ಇವೇ ಮುಖ್ಯ ಕೆಲಸಗಳು. ಪ್ರತಿ ಸ್ನಾಯುಗುಂಪಿಗೆ ವಾರಕ್ಕೆರಡು ಸಲ, ಒಟ್ಟು ಹತ್ತರಿಂದ ಹದಿನೈದು ಸೆಟ್. ಪ್ರತಿ ಸೆಟ್ಟಿನಲ್ಲಿ 6ರಿಂದ 12 ರೆಪ್ಸ್ (ಬಿಡುವಿಲ್ಲದೆ ಅಷ್ಟು ಸಲ ಎತ್ತುವುದು), ಇನ್ನು ಒಂದೆರಡು ಮಾತ್ರ ಎತ್ತಬಲ್ಲೆ ಎನ್ನುವಲ್ಲಿ ನಿಲ್ಲಿಸಿ. ಒಂದು ನೋಟ್‌ಬುಕ್ ಇಡಿ. ಎಲ್ಲ ಸೆಟ್ಟಿನಲ್ಲೂ 12 ಸಲೀಸಾಗಿ ಬಂದರೆ ಮುಂದಿನ ಸಲ ಎರಡೂವರೆ ಕೆಜಿ ಏರಿಸಿ, ರೆಪ್ಸ್ ಮತ್ತೆ ಎಂಟಕ್ಕೆ ಇಳಿಯಲಿ. ಎರಡು ತಿಂಗಳ ಹಿಂದಿನ ಪುಟಕ್ಕೂ ಇವತ್ತಿನ ಪುಟಕ್ಕೂ ಅಂಕಿ ಬದಲಾಗದಿದ್ದರೆ ದೋಷ ತಟ್ಟೆಯದ್ದಷ್ಟೇ ಅಲ್ಲ.

ವ್ಯಾಯಾಮ ಮುಗಿದ ಅರ್ಧ ತಾಸಿನೊಳಗೆ ಪ್ರೋಟೀನ್ ಬೀಳದಿದ್ದರೆ ಎಲ್ಲ ವ್ಯರ್ಥ ಎಂಬ ಹೆದರಿಕೆ ಬೇಡ. ಸಂಜೆ ಶೇಂಗಾ ತಿಂದು ಹೋಗಿ, ಮನೆಗೆ ಬಂದು ಎರಡು ತಾಸಿನೊಳಗೆ ರಾತ್ರಿಯ ಊಟ ಮಾಡಿದರೆ ಸಾಕು. ನಿದ್ದೆ ಏಳರಿಂದ ಎಂಟು ತಾಸು ಬೇಕೇ ಬೇಕು. ಶನಿವಾರ ರಾತ್ರಿಯ ಕುಡಿತ ಇದ್ದರೆ ಅದು ನೇರವಾಗಿ ಸ್ನಾಯು ಕಟ್ಟುವ ಕೆಲಸವನ್ನೇ ತಗ್ಗಿಸುತ್ತದೆ ಎಂಬುದೂ ಗೊತ್ತಿರಲಿ.

ತೂಕ ನೋಡುವ ಕ್ರಮ ಹೀಗಿರಲಿ: ವಾರದಲ್ಲಿ ಮೂರ್ನಾಲ್ಕು ದಿನ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ ತೂಗಿ, ವಾರದ ಸರಾಸರಿ ಬರೆದಿಡಿ. ಒಂದು ದಿನದ ಅಂಕಿ ನಂಬುವಂಥದ್ದಲ್ಲ. ಹಿಂದಿನ ರಾತ್ರಿ ಉಪ್ಪುಮೀನು ತಿಂದಿದ್ದರೆ ಬರೀ ನೀರಿನಿಂದಲೇ ಒಂದು ಕೆಜಿ ಹೆಚ್ಚು ತೋರಿಸಬಹುದು. ವಾರಕ್ಕೆ 150ರಿಂದ 250 ಗ್ರಾಂ, ತಿಂಗಳಿಗೆ ಮುಕ್ಕಾಲರಿಂದ ಒಂದು ಕೆಜಿ ಏರಿದರೆ ಸರಿಯಾದ ದಾರಿ. ಮೂರು ವಾರ ಸರಾಸರಿ ಏರದಿದ್ದರೆ ದಿನಕ್ಕೆ 150 ಕ್ಯಾಲರಿ ಸೇರಿಸಿ, ಉದಾಹರಣೆಗೆ ಇನ್ನೊಂದು ಮುಷ್ಟಿ ಅಕ್ಕಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಹದಿನೈದು ದಿನಕ್ಕೊಮ್ಮೆ ನೋಡಿ. ಎತ್ತುವ ಭಾರ ಏರದೆ ಸೊಂಟ ಮಾತ್ರ ಹಿಗ್ಗುತ್ತಿದ್ದರೆ 150 ಕ್ಯಾಲರಿ ಇಳಿಸಿ.

ಪ್ರಾಮಾಣಿಕವಾಗಿ ಅಳೆದು ತಿಂದು ಎರಡು ತಿಂಗಳಾದರೂ ತೂಕ ಜಗ್ಗದಿದ್ದರೆ, ಅಥವಾ ತಾನಾಗಿ ಇಳಿಯತೊಡಗಿದರೆ, ವೈದ್ಯರ ಬಳಿ ಹೋಗಿ ರಕ್ತದ ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ಜಂತುಹುಳಕ್ಕಾಗಿ ಮಲಪರೀಕ್ಷೆ ಮಾಡಿಸಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ತಡಮಾಡದೆ ಕ್ಷಯದ ಕಫಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಿಮ್ಮ ಎತ್ತರಕ್ಕೆ ಈಗಿನ ತೂಕ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಪ್ರಕಾರ 18.6, ಕೆಳಗಿನ ಗಡಿ 18.5. ಇನ್ನು ಇಳಿಯಲು ಜಾಗವಿಲ್ಲ ಎಂದು ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮಾಸ್ ಗೇನರ್ ಬೇಡ. ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಓದಿ. ಬಹುತೇಕ ಗೇನರ್‌ಗಳಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್, ಅದು ಪಿಷ್ಟದಿಂದ ತೆಗೆದ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪುಡಿ. ಅದೇ ಕ್ಯಾಲರಿ ನಿಮ್ಮ ಮನೆಯ ಅಕ್ಕಿ, ಬಾಳೆಹಣ್ಣಿನಲ್ಲಿದೆ. ವೇ ಪ್ರೋಟೀನ್ ಹಾಗಲ್ಲ, ಅದು ಹಾಲಿನದ್ದೇ ಪ್ರೋಟೀನ್, ಒಂದು ಸ್ಕೂಪಿಗೆ 24 ಗ್ರಾಂ ಸುಮಾರು. ಹಾನಿಯಿಲ್ಲ, ಅನಿವಾರ್ಯವೂ ಅಲ್ಲ. ಎರಡು ಬಂಗಡೆಗೆ ಅದು ಸಮ, ಅಷ್ಟೇ. ಕೊಳ್ಳುವುದಾದರೆ ಬಿಲ್ ಪಡೆದು, ಡಬ್ಬಿಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ, ಸೀಲ್ ಸರಿಯಿದೆಯೇ ನೋಡಿ ಕೊಳ್ಳಿ, ಬಿಡಿ ಪೊಟ್ಟಣದಲ್ಲಿ ಕಟ್ಟಿಕೊಟ್ಟದ್ದು ಬೇಡ. ಪುಡಿಗಳಲ್ಲಿ ಕೆಲಸ ಮಾಡುವುದು ಖಾತ್ರಿಯಾಗಿ ಸಾಬೀತಾದದ್ದು ಕ್ರಿಯಾಟಿನ್ ಮೊನೊಹೈಡ್ರೇಟ್, ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ. ಶುರುವಿನಲ್ಲಿ ಸ್ನಾಯುವಿನೊಳಗೆ ನೀರು ಸೇರಿ ಒಂದು ಕೆಜಿ ಏರುವುದುಂಟು, ಅದನ್ನು ಸ್ನಾಯು ಎಂದು ಎಣಿಸಬೇಡಿ. ಆರೋಗ್ಯವಂತರ ಮೂತ್ರಪಿಂಡಕ್ಕೆ ಈ ಪ್ರಮಾಣದಿಂದ ತೊಂದರೆಯಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಆರೋಗ್ಯ ತಿಳಿಯಲು ನೋಡುವ ಕ್ರಿಯಾಟಿನಿನ್ ಅಂಕಿ ತುಸು ಏರಿ ಕಾಣಬಹುದು, ಆದ್ದರಿಂದ ವೈದ್ಯರಿಗೆ ಮುಂಚೆಯೇ ತಿಳಿಸಿ. ಮೂತ್ರಪಿಂಡದ ಕಾಯಿಲೆ ಇದ್ದವರು ಕ್ರಿಯಾಟಿನನ್ನೂ ಹೆಚ್ಚಿನ ಪ್ರೋಟೀನನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಇನ್ನೊಂದು ಮಾತು ಕೇಳದಿದ್ದರೂ ಹೇಳುತ್ತೇನೆ. ಯಾರಾದರೂ ಇಂಜೆಕ್ಷನ್ ಅಥವಾ "ಕೋರ್ಸ್" ಮಾಡು, ಮೂರು ತಿಂಗಳಲ್ಲಿ ಹತ್ತು ಕೆಜಿ ಅಂದರೆ ಅದು ಅನಾಬಾಲಿಕ್ ಸ್ಟಿರಾಯ್ಡ್. ವೃಷಣ ಕುಗ್ಗುತ್ತದೆ, ಸ್ವಂತ ಹಾರ್ಮೋನ್ ಉತ್ಪಾದನೆ ನಿಲ್ಲುತ್ತದೆ, ಎದೆಯಲ್ಲಿ ಹೆಂಗಸರಂತೆ ಗಂಟು ಬೆಳೆಯಬಹುದು, ಹೃದಯಕ್ಕೂ ಲಿವರಿಗೂ ಪೆಟ್ಟು. 23ನೇ ವಯಸ್ಸಿನಲ್ಲಿ ಅದನ್ನು ಚುಚ್ಚಿಸಿಕೊಳ್ಳಬೇಡಿ.

ಮಳೆಗಾಲಕ್ಕೆ ಬರೋಣ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಸಣ್ಣ ದೋಣಿಯ ಮೀನು, ಹೊಳೆಮೀನು ಅಷ್ಟಿಷ್ಟು ಬಂದರೂ ಬೆಲೆ ಏರಿರುತ್ತದೆ. ಈ ಎರಡು ತಿಂಗಳಲ್ಲಿ ಕರಾವಳಿಯ ಹುಡುಗರ ಪ್ರೋಟೀನ್ ಇಳಿಯುತ್ತದೆ, ಹೊರಗೆ ಓಡಲೂ ಆಗದೆ ಅಭ್ಯಾಸವೂ ತಪ್ಪುತ್ತದೆ. ಮೇ ತಿಂಗಳಲ್ಲೇ ತಯಾರಿ ಮಾಡಿ. ಒಣ ಶೆಟ್ಲಿ (ಸಿಗಡಿ) ಒಳ್ಳೆಯ ದಾಸ್ತಾನು, ನೀರು ಹೋಗಿರುವುದರಿಂದ 20 ಗ್ರಾಂನಲ್ಲೇ ಹತ್ತಿರ ಹತ್ತಿರ 12 ಗ್ರಾಂ ಪ್ರೋಟೀನ್. ಹುರಿದು ಕಾಯಿತುರಿ, ನೀರುಳ್ಳಿ ಹಾಕಿ ಕಲಸಿದರೆ ಗಂಜಿಗೆ ಹೇಳಿ ಮಾಡಿಸಿದ್ದು. ಉಪ್ಪು ಹಾಕಿ ಒಣಗಿಸಿದ ಬಂಗಡೆಯಲ್ಲಿ ಉಪ್ಪಿನ ಪ್ರಮಾಣ ವಿಪರೀತ. ಅರ್ಧ ತಾಸು ನೆನೆಸಿ, ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಬಳಸಿ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಮನೆಯಲ್ಲಿ ರಕ್ತದೊತ್ತಡದವರು ಇದ್ದರೆ ಅವರ ತಟ್ಟೆಗೆ ಅದು ಬೇಡವೇ ಬೇಡ. ಉಳಿದ ದಿನ ಮೊಟ್ಟೆಯನ್ನು ಮೂರು ನಾಲ್ಕಕ್ಕೆ ಏರಿಸಿ, ಮಧ್ಯಾಹ್ನ ಅಲಸಂದೆ, ಹೆಸರುಕಾಳು ಅಥವಾ ಹುರಳಿ 50 ಗ್ರಾಂ ಬೇಯಿಸಿಕೊಳ್ಳಿ. 50 ಗ್ರಾಂ ಒಣಕಾಳು ಎಂದರೆ 11–12 ಗ್ರಾಂ ಪ್ರೋಟೀನ್, 165 ಕ್ಯಾಲರಿ. ವಾರಕ್ಕೊಮ್ಮೆ ಕೋಳಿ ಮಾಡಿದರೆ ಸಾರಿನ ಜೊತೆ ತುಂಡುಗಳು ನಿಮ್ಮ ತಟ್ಟೆಗೂ ಸರಿಯಾಗಿ ಬೀಳಲಿ ಎಂದು ಆಯಿಗೆ ಹೇಳಿ. 100 ಗ್ರಾಂ ಮೂಳೆರಹಿತ ಕೋಳಿಯಲ್ಲಿ 20 ಗ್ರಾಂಗೂ ಮೇಲೆ ಪ್ರೋಟೀನ್.

ನಿಮ್ಮ ಶಿರಸಿಯ ಗೆಳೆಯರ ಊಟದಲ್ಲಿ ಕ್ಯಾಲರಿಗೆ ಅಷ್ಟು ಕೊರತೆ ಇರಲಿಕ್ಕಿಲ್ಲ, ತೆಂಗು, ತುಪ್ಪ, ಬೆಲ್ಲ ಎಲ್ಲ ಇದೆ. ಅಲ್ಲಿ ಪ್ರೋಟೀನೇ ಕಡಿಮೆ. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಅನ್ನಕ್ಕೆ ತಂಬುಳಿ, ಅಪ್ಪೆಹುಳಿ, ಸಾರು, ಕೊನೆಗೆ ಮಜ್ಜಿಗೆ. ರುಚಿಗೆ, ಜೀರ್ಣಕ್ಕೆ ಇದರಷ್ಟು ಹಿತ ಇನ್ನೊಂದಿಲ್ಲ, ಆದರೆ ನೀರು ಬೆರೆಸಿದ ಒಂದು ಲೋಟ ಮಜ್ಜಿಗೆಯಲ್ಲಿ ಪ್ರೋಟೀನ್ ಎರಡು ಗ್ರಾಂ ದಾಟುವುದು ಕಷ್ಟ. ಅದೇ 200 ಗ್ರಾಂ ಗಟ್ಟಿ ಮೊಸರಾದರೆ 6–7 ಗ್ರಾಂ. ಹುರಳಿಯ ವಿಷಯದಲ್ಲಂತೂ ಅನೇಕ ಮನೆಗಳಲ್ಲಿ ಬೇಯಿಸಿದ ಕಟ್ಟನ್ನು ಬಸಿದು ಸಾರು ಮಾಡಿ, ಬೆಂದ ಕಾಳನ್ನು ಕೊಟ್ಟಿಗೆಯ ದನಕ್ಕೆ ಹಾಕುತ್ತಾರೆ. ಕಟ್ಟಿನಲ್ಲಿ ಇಳಿದಿರುವುದು ಉಪ್ಪು, ಖನಿಜ, ಸ್ವಲ್ಪ ಪಿಷ್ಟ. ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿದಿದೆ. ಸಾರಿಗೆ ಕಟ್ಟು ತೆಗೆದುಕೊಳ್ಳಲಿ, ಕಾಳಿಗೆ ಒಗ್ಗರಣೆ ಹಾಕಿ ಕಾಯಿತುರಿ ಉದುರಿಸಿ ಅವರೇ ತಿನ್ನಲಿ.

ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳುಗಳಲ್ಲಿ ಅದು ಹೇರಳ. ಕಾಳಿನಲ್ಲಿ ಕಡಿಮೆ ಇರುವ ಮಿಥಿಯೋನಿನ್ ಅಕ್ಕಿಯಲ್ಲಿದೆ. ದಿನದಲ್ಲಿ ಎರಡೂ ಹೊಟ್ಟೆಗೆ ಬಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಒಂದೇ ತುತ್ತಿನಲ್ಲಿ ಸೇರಬೇಕೆಂದಿಲ್ಲ. ಸಸ್ಯಮೂಲದ ಪ್ರೋಟೀನ್ ದಕ್ಕುವುದು ತುಸು ಕಡಿಮೆಯಾದ್ದರಿಂದ ಅವರು ಕೆಜಿಗೆ 1.8 ಗ್ರಾಂ ಗುರಿ ಇಟ್ಟುಕೊಳ್ಳಲಿ. ಅದನ್ನು ಮುಟ್ಟಲು ಸುಲಭದ ದಾರಿ ಸೋಯಾ ಚಂಕ್ಸ್: ಒಣತೂಕ 30 ಗ್ರಾಂನಲ್ಲಿ 15 ಗ್ರಾಂ ಪ್ರೋಟೀನ್, ಬರೀ 100 ಕ್ಯಾಲರಿ. ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿದರೆ ಆ ವಾಸನೆ ಹೋಗುತ್ತದೆ, ಹುಳಿಗೋ ಪಲ್ಯಕ್ಕೋ ಹಾಕಬಹುದು. ಇದರ ಜೊತೆ ದಿನಕ್ಕೆ ಅರ್ಧ ಲೀಟರ್ ಹಾಲು ಇಲ್ಲವೇ ಮೊಸರು, 50 ಗ್ರಾಂ ಪನೀರಿನಿಂದ 9 ಗ್ರಾಂ, ಎರಡು ಹೊತ್ತು ಕಾಳು. ಮಾಂಸ, ಮೀನು ತಿನ್ನದವರ ಸ್ನಾಯುವಿನಲ್ಲಿ ಕ್ರಿಯಾಟಿನ್ ಸಂಗ್ರಹ ಕಡಿಮೆ ಇರುವುದರಿಂದ ಆ ಪುಡಿಯ ಪರಿಣಾಮ ನಿಮಗಿಂತ ಅವರಿಗೇ ಚೆನ್ನಾಗಿ ಕಾಣಬಹುದು. ವರ್ಷಕ್ಕೊಮ್ಮೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ. ಅದು ಕಡಿಮೆಯಿದ್ದರೆ ಸುಸ್ತು, ಕೈಕಾಲು ಜೋಮು ಬಂದು ಭಾರ ಎತ್ತುವುದೇ ಹಿಂದೆ ಬೀಳುತ್ತದೆ. ಆಗ ಊಟ ಎಷ್ಟು ಏರಿಸಿದರೂ ಸಾಲದು, ವೈದ್ಯರು ಬರೆದುಕೊಟ್ಟ ಮಾತ್ರೆ ಅಥವಾ ಇಂಜೆಕ್ಷನ್‌ನಿಂದಲೇ ಅದು ಸರಿಯಾಗಬೇಕು.